ಪಾರ್ಶ್ವಾಘಾತ ಮತ್ತು ವಾಯುಚೀಲ

ಯಾದಗಿರಿ, ಶಹಾಪುರ, ಸುರಪುರಗಳ ನಡುವಣ ಹಾದಿಗಳಲ್ಲಿ ಇಂದು ಕಾರುಗಳ ಸಂಚಾರವು ಹೆಚ್ಚಿದೆ. ನಾರಾಯಣಪುರದ ಕಾಲುವೆ ನೀರುಂಡ ಹೊಲಗಳಿಂದ ಹತ್ತಿ, ಭತ್ತಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳು ಹೆದ್ದಾರಿಗೆ ಅಡ್ಡಲಾಗಿ ಏರಿ ಬರುತ್ತವೆ. ಇಂತಹ ಕೂಡುದಾರಿಗಳಲ್ಲಿ ಒಂದು ವಾಹನವು ಮತ್ತೊಂದರ ಪಕ್ಕೆಗೆ ಬಡಿಯುವ ಅಪಾಯವು ಸದಾ ಇದ್ದದ್ದೇ. ಈ ಪಾರ್ಶ್ವಾಘಾತದಿಂದ ಒಳಗಿರುವವರನ್ನು ಕಾಯುವ ವಾಯುಚೀಲದ, ಅರ್ಥಾತ್ ಏರ್‌ಬ್ಯಾಗಿನ, ಸ್ವರೂಪವನ್ನು ಸಂಕ್ಷೇಪವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಎದುರಿನಿಂದ ಡಿಕ್ಕಿಯಾದಾಗ ಬಾನೆಟ್ಟಿನ ಭಾಗವು ಮಡಿಚಿಕೊಂಡು ಹೊಡೆತದ ಬಹುಪಾಲನ್ನು ತಾನೇ ನುಂಗುತ್ತದೆ. ಪಕ್ಕದಲ್ಲಾದರೋ ಬಾಗಿಲಿನ ದಪ್ಪ, ಅದರಾಚೆಗೆ ಗೇಣುದ್ದದ ಅವಕಾಶ. ಅಷ್ಟರಲ್ಲೇ ಮನುಷ್ಯನ ಪಕ್ಕೆಲುಬು. ಆದಕಾರಣ ಇಲ್ಲಿ ರಕ್ಷಣೆಯು ಅತಿ ಶೀಘ್ರವಾಗಿ ಒದಗಬೇಕು. ನಿಮೇಷವೆಂದರೆ ಎವೆಯಿಕ್ಕುವ ಕಾಲವಷ್ಟೆ. ಪಕ್ಕದ ಚೀಲವು ಅದಕ್ಕಿಂತಲೂ ಮೊದಲು, ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲಿನೊಳಗೆ ಉಬ್ಬಿ ನಿಲ್ಲುತ್ತದೆ.

ಬಾಗಿಲಲ್ಲಿಯೂ ನಡುಗಂಬದಲ್ಲಿಯೂ ಅಡಗಿರುವ ಸಂವೇದಕಗಳು ಆಘಾತವನ್ನು ಗ್ರಹಿಸಿ ಸಂಜ್ಞೆ ಕಳುಹಿಸುತ್ತವೆ. ಒಡನೆಯೇ ಅನಿಲವು ಮಡಿಚಿದ ಚೀಲವನ್ನು ತುಂಬುತ್ತದೆ. ಕಲ್ಲುಹಾಸಿನ ಮೇಲೆ ಬಿದ್ದವನಿಗೂ ಹತ್ತಿಯ ರಾಶಿಯ ಮೇಲೆ ಬಿದ್ದವನಿಗೂ ಇರುವ ಅಂತರವನ್ನು ಬಲ್ಲವರಿಗೆ ಇದರ ತತ್ತ್ವವು ಸುಲಭವಾಗಿ ತಿಳಿದೀತು: ಹೊಡೆತವು ವಿಶಾಲವಾಗಿ ಹರಡುತ್ತದೆ, ದೇಹವು ತುಸು ನಿಧಾನವಾಗಿ ನಿಲ್ಲುತ್ತದೆ.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಆಸನದ ಅಂಚಿನಿಂದ ಹೊರಬರುವುದು ಎದೆ, ಪಕ್ಕೆಗಳನ್ನು ಕಾಯುತ್ತದೆ. ಕಿಟಕಿಯ ಮೇಲಿನಿಂದ ಪರದೆಯಂತೆ ಇಳಿಯುವುದು ತಲೆಯನ್ನು ಕಾಯುತ್ತದೆ. ಸ್ವೀಡನ್ನಿನ ವೋಲ್ವೊ ಸಂಸ್ಥೆಯು ಮೊದಲನೆಯದನ್ನು 1994ರಲ್ಲಿ, ಎರಡನೆಯದನ್ನು 1998ರಲ್ಲಿ ಬಳಕೆಗೆ ತಂದಿತು. ನಮ್ಮ ದೇಶದಲ್ಲಿ 2023ರ ಅಕ್ಟೋಬರ್ 1ರಂದು ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದ ಬಂಡಿಯನ್ನು ಕಾರಿನ ಪಕ್ಕೆಗೆ ಹಾಯಿಸಿ ನೋಡುತ್ತಾರೆ. ಆರು ಚೀಲಗಳನ್ನು ಕಡ್ಡಾಯಗೊಳಿಸುವ 2022ರ ಪ್ರಸ್ತಾವವನ್ನು ಕೇಂದ್ರ ಸರ್ಕಾರವು 2023ರಲ್ಲಿ ಕೈಬಿಟ್ಟಿತು. ಆದ್ದರಿಂದ ಕಾರನ್ನು ಕೊಳ್ಳುವವರು ಪಕ್ಕದ ಚೀಲಗಳುಂಟೇ ಎಂದು ಕೇಳಿಯೇ ತಿಳಿಯಬೇಕು.

ಸಾಧನವಿದ್ದ ಮಾತ್ರಕ್ಕೆ ಸಾಲದು. ಬಳಸುವವನ ವಿವೇಕವೂ ಬೇಕು. ಸೀಟ್ ಬೆಲ್ಟ್ ಧರಿಸದವನು ಆಘಾತದಲ್ಲಿ ಸ್ಥಾನಪಲ್ಲಟಗೊಳ್ಳುವುದರಿಂದ ಚೀಲದ ಪ್ರಯೋಜನವು ಕುಂದುತ್ತದೆ. ಅಂದಕ್ಕಾಗಿ ಹೊದಿಸುವ ದಪ್ಪ ಸೀಟ್ ಕವರು ಆಸನದ ಹೊಲಿಗೆಯನ್ನು ಮುಚ್ಚಿದರೆ ಚೀಲವು ಹೊರಬರುವ ದಾರಿಯೇ ಕಟ್ಟುತ್ತದೆ. ಅದಕ್ಕೆಂದೇ ಹೊಲಿದ ಕವರನ್ನು ಮಾತ್ರ ಬಳಸತಕ್ಕದ್ದು. ಮಕ್ಕಳು ಬಾಗಿಲಿಗೆ ತಲೆಯಾನಿಸಿ ನಿದ್ರಿಸಲು ಬಿಡಬಾರದು, ಉಬ್ಬುವ ಚೀಲದ ರಭಸವೇ ಅವರಿಗೆ ಪೆಟ್ಟಾದೀತು. ಭಾರಿ ಲಾರಿಯು ಅತಿವೇಗದಿಂದ ಅಪ್ಪಳಿಸಿದಾಗ ಯಾವ ಚೀಲವೂ ಪೂರ್ಣ ರಕ್ಷಣೆ ನೀಡಲಾರದು. ಕೂಡುದಾರಿಯಲ್ಲಿ ವೇಗವನ್ನು ತಗ್ಗಿಸಿ ಎರಡೂ ಕಡೆ ನೋಡುವುದೇ ಮೊದಲ ರಕ್ಷೆ.

ಶಿಕ್ಷಕ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮಕ್ಕಳನ್ನು ಕೂರಿಸಿಕೊಂಡು ಹೊರಡುವ ಮುನ್ನ ಈ ಮಾತುಗಳನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕೆಂದು ವಿನಂತಿ.