ಹಳೇ ವೀಲ್ ರೇಕ್ ಕೊಂಡಿರಾ? ಗದ್ದೆಗೆ ಇಳಿಯೋ ಮೊದಲು ಸ್ಪ್ರಿಂಗ್ ನೋಡಿ

ಕಂಬೈನ್ ಭತ್ತ ಕೊಯ್ದು ಹೋಯ್ತು, ಹುಲ್ಲು ಗದ್ದೆ ತುಂಬ ಹರಡಿದೆ. ಅದನ್ನ ಬೇಲರ್‌ಗೆ ಸಾಲು ಮಾಡಿಕೊಡೋದು ವೀಲ್ ರೇಕ್. ಇದಕ್ಕೆ ಟ್ರಾಕ್ಟರ್‌ನ ಪಿಟಿಓ ಬೇಡ. ಹಲ್ಲು ನೆಲಕ್ಕೆ ತಾಗಿ ಚಕ್ರ ತಾನೇ ತಿರುಗುತ್ತೆ.

ಸೆಕೆಂಡ್ ಹ್ಯಾಂಡ್ ತಂದಿದ್ದರೆ ಪ್ರತಿ ಚಕ್ರವನ್ನೂ ಎತ್ತಿ, ಕೈಯಲ್ಲಿ ತಿರುಗಿಸಿ. ಕರಕರ ಸದ್ದು ಬಂದರೆ ಬೇರಿಂಗ್ ಹೋಗಿದೆ. ಸಡಿಲವಾದ ಹಲ್ಲು ಈಗಲೇ ಬದಲಿಸಿ. ಮುರಿದ ಹಲ್ಲಿನ ತಂತಿ ಹುಲ್ಲಿನ ಜೊತೆ ದನದ ಹೊಟ್ಟೆ ಸೇರಿದರೆ ಜೀವಕ್ಕೇ ಕುತ್ತು.

ಈಗ ಫ್ರೇಮ್ ಮಟ್ಟ ಮಾಡಿ, ಸ್ಪ್ರಿಂಗ್ ಹೊಂದಿಸಿ. ಹಲ್ಲಿನ ತುದಿ ನೆಲ ಸವರಬೇಕು, ಗೀರಬಾರದು. ಸ್ವಲ್ಪ ದೂರ ಓಡಿಸಿ, ಇಳಿದು, ಸಾಲಿನ ಹುಲ್ಲು ಬಿಡಿಸಿ ನೋಡಿ. ಮಣ್ಣು ಕಂಡರೆ ನೆಲದ ಮೇಲೆ ಹಲ್ಲಿನ ಭಾರ ಜಾಸ್ತಿ. ಚಕ್ರ ತಿರುಗದೆ ಹುಲ್ಲು ಹಿಂದೆ ಉಳಿದರೆ ಕಮ್ಮಿ.

ಸಾಲಿನ ಅಗಲ ಬೇಲರ್ ಬಾಯಿಗೆ ಹೊಂದಲಿ. ಮಣ್ಣು ಮೆತ್ತಿದ ಮೇವನ್ನ ದನ ಮೂಸಿ ಬಿಟ್ಟುಬಿಡುತ್ತೆ. ಅದಕ್ಕೇ ಇಡೀ ಗದ್ದೆಗೆ ಇಳಿಯೋ ಮೊದಲು ಸ್ಪ್ರಿಂಗ್ ಇನ್ನೊಮ್ಮೆ ನೋಡಿ.