ಮನೆಯ ಜಗಲಿಯಲ್ಲಿಯೇ ಸ್ಫುಟವಾದ ಭಾವಚಿತ್ರ

ವ್ಯಾಪಾರವೆಂಬುದು ಮುಖ ನೋಡಿ ನಡೆಯುವ ವ್ಯವಹಾರವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬಂಟ್ವಾಳದ ಪೇಟೆಯಲ್ಲಾಗಲಿ, ಬೆಳ್ತಂಗಡಿಯ ಸಂತೆಯಲ್ಲಾಗಲಿ, ಮೂಡುಬಿದಿರೆಯ ಅಂಗಡಿಸಾಲಿನಲ್ಲಾಗಲಿ ಗಿರಾಕಿಯೂ ವರ್ತಕನೂ ಎದುರೆದುರು ಕುಳಿತು ಮಾತನಾಡುತ್ತಿದ್ದ ಕಾಲದಲ್ಲಿ ಆ ಮಾತಿಗೆ ವಿವರಣೆ ಬೇಕಿರಲಿಲ್ಲ. ಇಂದು ಮುಂಬಯಿಯ ಅಥವಾ ಬೆಂಗಳೂರಿನ ಖರೀದಿದಾರನು ನಮ್ಮನ್ನು ಮೊದಲು ಕಾಣುವುದು ಭಾವಚಿತ್ರದಲ್ಲಿ. ಜಿ.ಎಸ್.ಟಿ. ನೋಂದಣಿಯ ಅರ್ಜಿ, ಸಂಸ್ಥೆಯ ಜಾಲತಾಣ, ವ್ಯಾಪಾರ ಮೇಳದ ಕೈಪಿಡಿ, ಸರಬರಾಜುದಾರರ ಪಟ್ಟಿ ಹೀಗೆ ಎಲ್ಲೆಡೆಯೂ ಮಾಲೀಕನ ಮುಖಚಿತ್ರವನ್ನು ಕೇಳುತ್ತಾರೆ.

ಈ ಲೇಖಕನಿಗೆ ಅದರ ಮಹತ್ವ ಅರಿವಾದದ್ದು ನಷ್ಟದಿಂದ. ದೂರದ ಖರೀದಿ ಸಂಸ್ಥೆಯೊಂದಕ್ಕೆ ಸರಬರಾಜುದಾರನಾಗಿ ಹೆಸರು ನೋಂದಾಯಿಸುವ ಕೊನೆಯ ದಿನ, ರಾತ್ರಿಯ ವೇಳೆ, ಮನೆಯ ಒಳಕೋಣೆಯಲ್ಲಿ ಕ್ಯಾಮರಾವನ್ನು ಮೇಜಿನ ಮೇಲಿಟ್ಟು ನಾನೇ ನನ್ನ ಚಿತ್ರ ತೆಗೆದು ಕಳುಹಿಸಿದೆ. ಮೂರನೆಯ ದಿನ ಅರ್ಜಿಯು 'ಭಾವಚಿತ್ರ ಸ್ಪಷ್ಟವಾಗಿಲ್ಲ' ಎಂಬ ಷರಾದೊಂದಿಗೆ ಮರಳಿತು. ತೆರೆಯ ಮೇಲೆ ಹಿಗ್ಗಿಸಿ ನೋಡಿದಾಗ ನನ್ನ ಹಿಂದಿನ ಗೋಡೆಯ ಕ್ಯಾಲೆಂಡರಿನ ತಾರೀಖುಗಳು ಒಂದೊಂದೂ ಓದಲು ಬರುವಷ್ಟು ನಿಚ್ಚಳವಾಗಿದ್ದವು. ನನ್ನ ಮುಖ ಮಾತ್ರ ಮಂಜಿನೊಳಗಿತ್ತು. ಹೊಸ ಚಿತ್ರ ಕಳುಹಿಸುವಷ್ಟರಲ್ಲಿ ಆ ಅವಧಿಯ ಬೇಡಿಕೆ ಬೇರೆಯವರ ಪಾಲಾಗಿತ್ತು. ಕ್ಯಾಮರಾ ದುಬಾರಿಯದೇ ಆಗಿತ್ತು, ತಪ್ಪು ನನ್ನದು. ಆ ಬಳಿಕ ಹಲವು ಭಾನುವಾರಗಳನ್ನು ವ್ಯಯಿಸಿ ಕಲಿತುದನ್ನು ವರ್ತಕ ಬಂಧುಗಳ ಮುಂದಿಡುತ್ತಿದ್ದೇನೆ.

ಮೊದಲಿಗನೂ ತಯಾರಕನೇ

ಕ್ಯಾಮರಾದ ಮುಂದೆ ತಾನೇ ಕುಳಿತು ತನ್ನ ಚಿತ್ರ ತೆಗೆದುಕೊಂಡವರಲ್ಲಿ ಅತ್ಯಂತ ಹಳಬನೆಂದು ಹೆಸರಾದವನು ಅಮೆರಿಕದ ಫಿಲಡೆಲ್ಫಿಯಾ ನಗರದ ರಾಬರ್ಟ್ ಕಾರ್ನೀಲಿಯಸ್. ವೃತ್ತಿಯಿಂದ ಅವನು ಛಾಯಾಗ್ರಾಹಕನಲ್ಲ. ತಂದೆಯ ದೀಪ ತಯಾರಿಕಾ ಉದ್ಯಮದಲ್ಲಿ ದುಡಿಯುತ್ತಿದ್ದವನು. ಲೋಹಕ್ಕೆ ಬೆಳ್ಳಿಯ ಲೇಪ ಕೊಡುವುದರಲ್ಲಿ ಅವನಿಗಿದ್ದ ಕೈಚಳಕವೇ ಅವನನ್ನು ಈ ವಿದ್ಯೆಗೆ ಎಳೆದು ತಂದಿತು. 1839ರಲ್ಲಿ ಅಂಗಡಿಯ ಹಿಂಬದಿಯ ಬಯಲಿನ ಬೆಳಕಿನಲ್ಲಿ ಕ್ಯಾಮರಾ ನಿಲ್ಲಿಸಿ, ಲೆನ್ಸಿನ ಮುಚ್ಚಳ ತೆಗೆದು, ಮುಂದೆ ಬಂದು ಅಲುಗಾಡದೆ ನಿಂತು, ಮತ್ತೆ ಹೋಗಿ ಮುಚ್ಚಳ ಹಾಕಿದನು. ಆ ಚಿತ್ರ ಇಂದಿಗೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದೆ. ಕೂದಲು ಕೆದರಿದೆ, ಮುಖ ಚೌಕಟ್ಟಿನ ನಡುವಿನಿಂದ ಒಂದು ಬದಿಗೆ ಸರಿದಿದೆ. ಆದರೂ ಕಣ್ಣಿನ ನೋಟ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಕೆಲವು ವರ್ಷ ಸ್ಟುಡಿಯೋ ನಡೆಸಿ ಅವನು ಮರಳಿ ದೀಪದ ವ್ಯಾಪಾರಕ್ಕೇ ಹೋದನು. ಅವನಿಗೆ ಇದ್ದ ಮೂರು ಸಮಸ್ಯೆಗಳೇ ಇಂದು ನಮಗೂ ಇವೆ: ಸಾಕಷ್ಟು ಬೆಳಕು, ಅಲುಗಾಡದ ಕ್ಯಾಮರಾ, ಮತ್ತು ಮುಖ ಇರಬೇಕಾದಲ್ಲಿಯೇ ಇರುವುದು.

ಹಳೆಯ ಕ್ಯಾಮರಾಗಳನ್ನು ಕಣ್ಣಾರೆ ನೋಡಬಯಸುವವರು ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಭೇಟಿ ಕೊಡಬಹುದು. ಯಂತ್ರ ಬದಲಾಗಿದ್ದರೂ ಲೆನ್ಸಿನ ನಿಯಮ ಬದಲಾಗಿಲ್ಲವೆಂಬುದು ಅಲ್ಲಿ ಮನದಟ್ಟಾಗುತ್ತದೆ.

ನಮ್ಮ ಮನೆಗಳ ಬೆಳಕು

1865ರಲ್ಲಿ ಬಾಸೆಲ್ ಮಿಷನ್ ಸಂಸ್ಥೆಯು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಈ ಸೀಮೆಯ ಮನೆ ಮತ್ತು ಅಂಗಡಿಗಳಿಗೆ ಹಂಚಿನ ಮಾಡು ವ್ಯಾಪಕವಾಗಿ ಬಂದಿತು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಮಾಡನ್ನು ತಗ್ಗಾಗಿ ಇಳಿಬಿಡುವುದು ಅನಿವಾರ್ಯ. ಹೀಗಾಗಿ ಒಳಕೋಣೆಗಳು ತಂಪಾಗಿಯೂ ಕತ್ತಲೆಯಾಗಿಯೂ ಇರುತ್ತವೆ. ಕಡಿಮೆ ಬೆಳಕಿನಲ್ಲಿ ಕ್ಯಾಮರಾದ ಶಟರ್ ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ಅಷ್ಟರಲ್ಲಿ ನಮ್ಮ ತಲೆ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಕಲಸಿಹೋಗುತ್ತದೆ. ಮಾಡಿನ ಗಾಜಿನ ಹಂಚಿನ ಕೆಳಗೆ ಕುಳಿತರೆ ಬೆಳಕು ನೆತ್ತಿಯಿಂದ ಬಿದ್ದು ಕಣ್ಣಿನ ಗುಳಿಗಳು ಕಪ್ಪಾಗುತ್ತವೆ.

ಇದಕ್ಕೆ ಉತ್ತಮ ಸ್ಥಳವೆಂದರೆ ಜಗಲಿ. ಮಾಡಿನ ನೆರಳಿನೊಳಗೆ, ಜಗಲಿಯ ಅಂಚಿನಿಂದ ಒಂದು ಮೀಟರಿನಷ್ಟು ಹಿಂದೆ, ಮುಖವನ್ನು ಅಂಗಳದ ಕಡೆಗೆ ಸ್ವಲ್ಪ ಓರೆಯಾಗಿಟ್ಟು ಕುಳಿತುಕೊಳ್ಳಬೇಕು. ಅಡಿಕೆ ಒಣಗಿಸುವ ಬಯಲು ಅಂಗಳವಿರುವ ಬೆಳ್ತಂಗಡಿಯ ತೋಟದ ಮನೆಗಳಲ್ಲಿ ನೆಲದಿಂದ ಪ್ರತಿಫಲಿಸಿ ಬರುವ ಬೆಳಕೇ ಗಲ್ಲದ ಕೆಳಗಿನ ನೆರಳನ್ನು ತೊಡೆಯುತ್ತದೆ. ಬಂಟ್ವಾಳದ ಹಳೆಯ ಪೇಟೆಯಂತಹ ಒತ್ತಾದ ಕಟ್ಟಡಗಳಲ್ಲಿ ಅಂಗಡಿಯ ಮುಂಬಾಗಿಲೇ ಕಿಟಕಿಯಾಗಬೇಕು. ಸಣ್ಣ ಕಿಟಕಿಯ ಬೆಳಕಾದರೆ ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದಾಗ ಬೆಳಕು ಹೆಚ್ಚುಕಡಿಮೆ ಕಾಲು ಪಾಲಿಗೆ ಇಳಿಯುತ್ತದೆಂಬುದು ನೆನಪಿರಲಿ. ಮುಖದ ಕತ್ತಲೆಯ ಬದಿಗೆ ಬಿಳಿ ಪಂಚೆಯೊಂದನ್ನು ಕುರ್ಚಿಯ ಬೆನ್ನಿಗೆ ಹರಡಿದರೆ ನೆರಳು ಮೆದುವಾಗುತ್ತದೆ.

ಬೆಳಕಿನ ದಿಕ್ಕಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಗಿಂತ ಒಳ್ಳೆಯ ಪಾಠಶಾಲೆಯಿಲ್ಲ. 1430ರಲ್ಲಿ ನಿರ್ಮಾಣಗೊಂಡ ಆ ಬಸದಿಯ ಕಂಬಗಳ ಕೆತ್ತನೆ ಬದಿಯಿಂದ ಬೆಳಕು ಬಿದ್ದಾಗ ಎದ್ದು ಕಾಣುತ್ತದೆ. ನೇರ ಎದುರಿನಿಂದ ಬಿದ್ದಾಗ ಚಪ್ಪಟೆಯಾಗುತ್ತದೆ. ಮುಖಕ್ಕೂ ಇದೇ ನ್ಯಾಯ. ಕ್ಯಾಮರಾದೊಳಗಿನ ಫ್ಲಾಶ್ ಎದುರಿನಿಂದ ಹೊಡೆಯುವುದರಿಂದ ಅದನ್ನು ಆರಿಸುವುದೇ ಲೇಸು.

ಇಲ್ಲದ ಮುಖಕ್ಕೆ ಫೋಕಸ್ ಮಾಡುವುದು

ನನ್ನ ಕ್ಯಾಲೆಂಡರು ನಿಚ್ಚಳವಾಗಿ ಮುಖ ಮಸುಕಾದುದರ ಕಾರಣ ಇದು: ಗುಂಡಿ ಒತ್ತುವಾಗ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಕ್ಯಾಮರಾ ತನಗೆ ಕಂಡ ಗೋಡೆಗೆ ಫೋಕಸ್ ಮಾಡಿತು. ಪರಿಹಾರವೂ ಸರಳ.

ಒಂದು: ಕುರ್ಚಿಯ ನಾಲ್ಕು ಕಾಲುಗಳ ಸ್ಥಾನವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತಿಸಿರಿ. ಗೋಡೆ ಕುರ್ಚಿಯಿಂದ ಕನಿಷ್ಠ ಒಂದೂವರೆ ಮೀಟರ್ ಹಿಂದಿರಲಿ.

ಎರಡು: ಕುರ್ಚಿಗೆ ಒಂದು ಕೋಲನ್ನು ಕಟ್ಟಿ, ನೀವು ಕುಳಿತಾಗ ಕಣ್ಣು ಬರುವ ಎತ್ತರಕ್ಕೆ ಹಳೆಯ ದಿನಪತ್ರಿಕೆಯ ಹಾಳೆಯನ್ನು ಸಿಕ್ಕಿಸಿರಿ. ಅಚ್ಚಿನ ಅಕ್ಷರಗಳ ಮೇಲೆ ಕ್ಯಾಮರಾಕ್ಕೆ ಫೋಕಸ್ ಮಾಡುವುದು ಅತಿ ಸುಲಭ.

ಮೂರು: ಅಕ್ಷರಗಳು ಓದಲು ಬರುವಂತಾದ ಕೂಡಲೇ ಲೆನ್ಸನ್ನು ಸ್ವಯಂಚಾಲಿತ ಫೋಕಸ್‌ನಿಂದ ಕೈಯ ಫೋಕಸ್‌ಗೆ ಬದಲಿಸಿರಿ. ಇನ್ನು ಅದು ತಾನಾಗಿ ಅಲುಗದು. ಮೊಬೈಲಿನಲ್ಲಾದರೆ ತೆರೆಯ ಮೇಲೆ ಆ ಹಾಳೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಹೆಚ್ಚಿನ ಸಾಧನಗಳಲ್ಲಿ ಫೋಕಸ್ ಬೀಗ ಬೀಳುತ್ತದೆ.

ನಾಲ್ಕು: ಕ್ಯಾಮರಾದಿಂದ ಹಾಳೆಯವರೆಗೆ ಒಂದು ದಾರವನ್ನು ಅಳೆದು ಕತ್ತರಿಸಿಡಿರಿ. ಕೋಲನ್ನು ತೆಗೆದು ನೀವು ಕುಳಿತ ಮೇಲೆ ದಾರದ ತುದಿ ಕಣ್ಣಿನ ಕೊನೆಗೆ ತಾಗುತ್ತದೆಯೇ ಎಂದು ನೋಡಿಕೊಂಡು, ಬೆನ್ನನ್ನು ಹಾಗೆಯೇ ಸ್ಥಿರವಾಗಿಡುವುದನ್ನು ಅಭ್ಯಾಸ ಮಾಡಿರಿ.

ಐದು: ಹತ್ತು ಸೆಕೆಂಡಿನ ಸೆಲ್ಫ್ ಟೈಮರ್ ಇಟ್ಟು, ಒಮ್ಮೆಗೆ ಮೂರಕ್ಕಿಂತ ಹೆಚ್ಚು ಚಿತ್ರಗಳು ತೆಗೆಯಲ್ಪಡುವಂತೆ ಹೊಂದಿಸಿರಿ. ಉಸಿರನ್ನು ಹೊರಬಿಟ್ಟು ನೋಟವನ್ನು ಲೆನ್ಸಿನಲ್ಲಿ ನಿಲ್ಲಿಸಿರಿ.

ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವ ಹೊಸ ಕ್ಯಾಮರಾ ಉಳ್ಳವರಿಗೆ ದೂರದಿಂದ ಶಟರ್ ಒತ್ತುವ ರಿಮೋಟ್ ಸಾಕು, ದಾರ ಬೇಕಿಲ್ಲ.

ಲೆಕ್ಕ ತಿಳಿದವರಿಗೆ ಒಂದು ಲೆಕ್ಕ

ಹಿಂಬದಿ ಮಸುಕಾದರೆ ಚಿತ್ರ ಚೆಂದವೆಂದು ನಂಬಿ ಹಲವರು ಅಪರ್ಚರನ್ನು ಪೂರ್ಣ ತೆರೆದಿಡುತ್ತಾರೆ. ಸಾಧಾರಣ ಡಿ.ಎಸ್.ಎಲ್.ಆರ್. ಕ್ಯಾಮರಾದಲ್ಲಿ 50 ಮಿಲಿಮೀಟರ್ ಲೆನ್ಸ್ ತೊಡಿಸಿ ಎರಡು ಮೀಟರ್ ದೂರದಿಂದ ಎಫ್ 1.8ರಲ್ಲಿ ಚಿತ್ರ ತೆಗೆದರೆ ಸ್ಫುಟವಾಗಿ ಮೂಡುವ ಆಳ ಸುಮಾರು 11 ಸೆಂಟಿಮೀಟರ್ ಮಾತ್ರ. ಕುಳಿತವನು ಒಂದು ಗೇಣಿಗಿಂತಲೂ ಕಡಿಮೆ ಮುಂದೆ ಬಾಗಿದರೂ ಕಣ್ಣು ಮಸುಕು. ಅದೇ ಎಫ್ 8ರಲ್ಲಿ ಆ ಆಳ ಸುಮಾರು 50 ಸೆಂಟಿಮೀಟರಿಗೆ ಹಿಗ್ಗುತ್ತದೆ. ಒಬ್ಬಂಟಿಯಾಗಿ ಚಿತ್ರ ತೆಗೆದುಕೊಳ್ಳುವವನಿಗೆ ಎಫ್ 5.6ರಿಂದ ಎಫ್ 8 ಕ್ಷೇಮಕರ. ಶಟರ್ ವೇಗ ಸೆಕೆಂಡಿನ 125ನೆಯ ಒಂದು ಭಾಗ ಇರಲಿ. ಬೆಳಕು ಸಾಲದಿದ್ದರೆ ಐ.ಎಸ್.ಒ.ವನ್ನು 400ರಿಂದ 800ಕ್ಕೆ ಏರಿಸಬಹುದು. ಸಣ್ಣ ಕಾಳುಕಾಳು ಕಂಡರೂ ಚಿತ್ರ ಕಲಸಿಹೋಗುವುದಕ್ಕಿಂತ ಅದು ಮೇಲು.

ರಾತ್ರಿ ಎಲ್.ಇ.ಡಿ. ದೀಪದಲ್ಲಿಯೇ ತೆಗೆಯಬೇಕಾದರೆ ಇನ್ನೊಂದು ಎಚ್ಚರ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಕೆಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗಿ ಚಿತ್ರದಲ್ಲಿ ಪಟ್ಟೆಗಳನ್ನು ಮೂಡಿಸುತ್ತವೆ. ಶಟರ್ ವೇಗವನ್ನು 100ನೆಯ ಅಥವಾ 50ನೆಯ ಒಂದು ಭಾಗಕ್ಕೆ ಇಟ್ಟರೆ ಪಟ್ಟೆ ಬಾರದು.

ಟ್ರೈಪಾಡ್ ಇಲ್ಲದವರು ಎತ್ತರದ ಸ್ಟೂಲಿನ ಮೇಲೆ ಒಂದೆರಡು ಕಿಲೋ ಅಕ್ಕಿ ತುಂಬಿದ ಬಟ್ಟೆಯ ಚೀಲವಿಟ್ಟು ಅದರಲ್ಲಿ ಕ್ಯಾಮರಾವನ್ನು ಊರಬಹುದು. ಮೊಬೈಲಿನಲ್ಲಿ ಮುಂಬದಿಯ ಕ್ಯಾಮರಾಕ್ಕಿಂತ ಹಿಂಬದಿಯದು ಸಾಮಾನ್ಯವಾಗಿ ಉತ್ತಮ. ಕೈಚಾಚಿ ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಾಣುತ್ತದೆ. ಒಂದೂವರೆ ಮೀಟರ್ ದೂರವಿರಲಿ. ತೆಂಗಿನೆಣ್ಣೆಯ ಬೆರಳು ತಾಗಿದ ಲೆನ್ಸನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿದರೆ ಅರ್ಧ ಮಸುಕು ಅಲ್ಲಿಯೇ ಹೋಗುವುದುಂಟು.

ಮಳೆಗಾಲದ ಶತ್ರು

ಕರಾವಳಿಯ ತೇವದಲ್ಲಿ ಕ್ಯಾಮರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಲೆನ್ಸಿನೊಳಗೆ ಬೂಸ್ಟು ಹಿಡಿಯುತ್ತದೆ. ಅದು ಗಾಜಿನ ಲೇಪವನ್ನೇ ತಿಂದರೆ ಮುಂದೆ ಯಾವ ಚಿತ್ರವೂ ಸ್ಫುಟವಾಗದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟು, ಆಗಾಗ ಹೊರತೆಗೆದು ಬಳಸುತ್ತಿರಬೇಕು. ಹವಾನಿಯಂತ್ರಿತ ಕೋಣೆಯಿಂದ ಜಗಲಿಗೆ ತಂದ ಕ್ಯಾಮರಾದ ಲೆನ್ಸಿನ ಮೇಲೆ ಹನಿಗಟ್ಟುತ್ತದೆ. ಚೀಲದೊಳಗೇ ಅರ್ಧ ಗಂಟೆ ಬಿಟ್ಟು ಬಳಿಕ ತೆರೆಯಿರಿ.

ಕಳುಹಿಸುವಾಗ ಕೆಡದಿರಲಿ

ಚಿತ್ರವನ್ನು ಹಿಗ್ಗಿಸಿ ಕಣ್ಣಿನ ರೆಪ್ಪೆಗೂದಲು ಬಿಡಿಬಿಡಿಯಾಗಿ ಕಾಣುತ್ತದೆಯೇ ಎಂದು ನೋಡುವುದೇ ಕೊನೆಯ ಪರೀಕ್ಷೆ. ಮೂಲ ಕಡತವನ್ನು ಬೇರೆಯಾಗಿ ಕಾದಿರಿಸಿರಿ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ. ದಾಖಲೆಯ ರೂಪದಲ್ಲಿ ಕಳುಹಿಸಿದರೆ ಕುಗ್ಗದು. ಜಿ.ಎಸ್.ಟಿ. ನೋಂದಣಿಗೆ ಭಾವಚಿತ್ರವು ಜೆಪೆಗ್ ರೂಪದಲ್ಲಿ 100 ಕೆ.ಬಿ.ಗಳೊಳಗಿರಬೇಕು. ಅದಕ್ಕಾಗಿ ಮೊದಲು ಅನಗತ್ಯ ಅಂಚುಗಳನ್ನು ಕತ್ತರಿಸಿ, ಬಳಿಕ ಅಳತೆಯನ್ನು ಕಿರಿದುಗೊಳಿಸಿದರೆ ಮುಖ ಸ್ಪಷ್ಟವಾಗಿಯೇ ಉಳಿಯುತ್ತದೆ. ಚರ್ಮವನ್ನು ನುಣುಪುಗೊಳಿಸುವ ಫಿಲ್ಟರುಗಳನ್ನು ಬಳಸಬೇಡಿ. ದಾಖಲೆಯಲ್ಲಿರುವ ಮುಖವೂ ಎದುರಿಗೆ ಬರುವ ಮುಖವೂ ಒಂದೇ ಆಗಿರಬೇಕಷ್ಟೆ.

ಸ್ಟುಡಿಯೋದವರೂ ನಮ್ಮವರೇ

ಈ ಲೇಖನವು ನಮ್ಮ ಊರುಗಳ ಸ್ಟುಡಿಯೋಗಳಿಗೆ ಹೋಗಬೇಡಿರೆಂದು ಹೇಳುವುದಲ್ಲ. ಅವರೂ ನಮ್ಮಂತೆಯೇ ಬಾಡಿಗೆ, ವಿದ್ಯುತ್ತು, ತೆರಿಗೆ ಕಟ್ಟಿ ವ್ಯಾಪಾರ ನಡೆಸುವವರು. ಸಂಸ್ಥೆಯ ಗೋಡೆಗೆ ಹಾಕುವ ದೊಡ್ಡ ಭಾವಚಿತ್ರ, ಅಳತೆಯ ನಿಯಮ ಕಟ್ಟುನಿಟ್ಟಾಗಿರುವ ವೀಸಾ ಚಿತ್ರ, ಪಾಲುದಾರರ ಗುಂಪುಚಿತ್ರ ಮೊದಲಾದವು ಅವರ ಕೈಯಲ್ಲಿಯೇ ಆಗಬೇಕು. ಆದರೆ ರಾತ್ರಿ ಒಂಬತ್ತಕ್ಕೆ ಅರ್ಜಿ ಮುಗಿಸಬೇಕಾದ ಒಬ್ಬಂಟಿ ಉದ್ಯಮಿಗೆ, ಮನೆಯಲ್ಲಿ ಉಪ್ಪಿನಕಾಯಿ ಹಪ್ಪಳ ತಯಾರಿಸುವ ಗೃಹಿಣಿಗೆ ಈ ವಿದ್ಯೆ ಕೈಗೆ ಬಂದರೆ ಅವಕಾಶ ತಪ್ಪದು. ಕುರ್ಚಿಯ ಜಾಗದಲ್ಲಿ ಉಪ್ಪಿನಕಾಯಿಯ ಭರಣಿ ಇಟ್ಟರೆ ಸರಕಿನ ಚಿತ್ರಕ್ಕೂ ಇದೇ ಕ್ರಮ ಸಾಕು.

ತಕ್ಕಡಿಯನ್ನು ಸರಿಮಾಡಿಕೊಳ್ಳದೆ ತೂಗಲು ಹೊರಡುವ ವರ್ತಕನಿಲ್ಲ. ಚಿತ್ರದ ಸ್ಫುಟತೆಯೂ ಹಾಗೆಯೇ ಗುಂಡಿ ಒತ್ತುವ ಮೊದಲೇ ನಿರ್ಧಾರವಾಗುತ್ತದೆ. ಅವಸರದ ರಾತ್ರಿಗೆ ಕಾಯದೆ, ಬರುವ ಭಾನುವಾರ ಬೆಳಗ್ಗೆ ಒಂಬತ್ತರ ಬೆಳಕಿನಲ್ಲಿ ಜಗಲಿಯ ಮೇಲೆ ಕುರ್ಚಿ ಹಾಕಿ, ಸೀಮೆಸುಣ್ಣದ ಗುರುತಿಟ್ಟು, ಒಂದು ಒಳ್ಳೆಯ ಭಾವಚಿತ್ರವನ್ನು ತೆಗೆದಿರಿಸಿಕೊಳ್ಳಿ. ಬೇಕೆಂದಾಗ ಅದು ಕೈಯಲ್ಲಿರುತ್ತದೆ.