ನಿಲ್ಲದ ಸಂದೇಶಕ್ಕೆ ಮೂರು ಮದ್ದು

ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ತೇಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಕಥೆ ಮುಗಿದಂತೆಯೇ. ಆ ಸೊಪ್ಪು ತಿಂದ ಹುಳು ತಲೆ ಆಡಿಸುತ್ತ, ರಸ ಕಕ್ಕಿ, ಮುದುಡಿ ಸಾಯುತ್ತದೆ. ಕ್ಲೋರ್‌ಪೈರಿಫಾಸ್, ಮಾನೋಕ್ರೊಟೊಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳ ಗುರಿ ನರಮಂಡಲ. ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಲ್ಲಿ ದುಡಿಯುವ ಮನುಷ್ಯನ ನರಗಳಿಗೂ ಇದೇ ಅಪಾಯ.

ನರದಿಂದ ನರಕ್ಕೆ, ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ರಾಸಾಯನಿಕಗಳಲ್ಲಿ ಅಸಿಟೈಲ್‌ಕೋಲಿನ್ ಮುಖ್ಯವಾದುದು. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂಬುದನ್ನು ಓಟ್ಟೊ ಲೋವಿ 1921ರಲ್ಲಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಸಂದೇಶ ಮುಟ್ಟಿದೊಡನೆ ಒಂದು ಕಿಣ್ವ ಅಸಿಟೈಲ್‌ಕೋಲಿನನ್ನು ಒಡೆದುಹಾಕುತ್ತದೆ. ಕೀಟನಾಶಕ ಆ ಕಿಣ್ವಕ್ಕೇ ಅಂಟಿಕೊಂಡು ಅದರ ಕೈ ಕಟ್ಟುತ್ತದೆ. ಆಗ ಸಂದೇಶ ನಿಲ್ಲುವುದೇ ಇಲ್ಲ. ಜೊಲ್ಲು, ಕಣ್ಣೀರು, ಬೆವರು ಸುರಿಯುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಶ್ವಾಸನಾಳ ಕಫದಿಂದ ತುಂಬುತ್ತದೆ. ಸ್ನಾಯುಗಳು ಅದುರಿ ಸೋಲುತ್ತವೆ. ಮಿದುಳಿಗೆ ತಾಗಿದರೆ ಗೊಂದಲ, ಫಿಟ್ಸ್, ಕೊನೆಗೆ ಉಸಿರೇ ನಿಲ್ಲಬಹುದು.

ಆಸ್ಪತ್ರೆಯಲ್ಲಿ ಮೊದಲು ಕೊಡುವುದು ಅಟ್ರೋಪಿನ್. ಇದು ವಿಷವನ್ನು ನಾಶಮಾಡುವುದಿಲ್ಲ. ಅಸಿಟೈಲ್‌ಕೋಲಿನ್ ಕೂರಬೇಕಾದ ಗ್ರಾಹಕಗಳಲ್ಲಿ ತಾನೇ ಕೂತು ಸಂದೇಶವನ್ನು ತಡೆಯುತ್ತದೆ. ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನೂ ದಾಟಬಲ್ಲದು. ಕಫ ಒಣಗಿ, ನಾಡಿ ಏರುವ ತನಕ ವೈದ್ಯರು ಕೆಲವು ನಿಮಿಷಕ್ಕೊಮ್ಮೆ ಪ್ರಮಾಣ ಹೆಚ್ಚಿಸುತ್ತಾರೆ. ಮಿತಿ ಮೀರಿದರೆ ಜ್ವರ, ಭ್ರಮೆ ಬರುತ್ತವೆ. ಉಮ್ಮತ್ತಿ ಗಿಡದಲ್ಲೂ ಅಟ್ರೋಪಿನ್ ಇದೆ, ಆದರೆ ಎಷ್ಟಿದೆ ಎಂದು ಗಿಡ ನೋಡಿ ಹೇಳಲಾಗದು. ಹಾಗಾಗಿ ಅದನ್ನು ಅರೆದು ಕುಡಿಸುವುದು ವಿಷದ ಮೇಲೆ ವಿಷ.

ಸ್ನಾಯುಗಳ ಗ್ರಾಹಕ ಬೇರೆ ಬಗೆಯದು, ಅಲ್ಲಿ ಅಟ್ರೋಪಿನ್ ಆಟ ನಡೆಯದು. ಉಸಿರಾಟದ ಸ್ನಾಯು ಸೋತವರಿಗೆ ವೆಂಟಿಲೇಟರ್ ಬೇಕಾಗುವುದು ಇದಕ್ಕೇ. ಕಿಣ್ವಕ್ಕೆ ಅಂಟಿದ ವಿಷವನ್ನು ಕಿತ್ತುಹಾಕಲು ಪ್ರಾಲಿಡಾಕ್ಸಿಮ್ ಇದೆ. ಆದರೆ ಅದು ಮಿದುಳನ್ನು ಹೊಗುವುದು ಅತ್ಯಲ್ಪ, ತಡವಾದರೆ ಅಂಟು ಬಿಗಿದು ಅದರ ಪ್ರಯೋಜನವೂ ಇಳಿಯುತ್ತದೆ. ಫಿಟ್ಸ್ ಬಂದರೆ ಡಯಜೆಪಾಮ್. ಅದು ಮಿದುಳಿನಲ್ಲಿ ಗಾಬಾ ಎಂಬ ಶಮನಕಾರಿ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತದೆ. ಒಂದೇ ವಿಷಕ್ಕೆ ಮೂರು ಮದ್ದು, ಮೂರೂ ಬೇರೆ ಬೇರೆ ಜಾಗದಲ್ಲಿ.

ಔಷಧಿ ಹೊಡೆಯುವಾಗ ಅಸ್ವಸ್ಥರಾದವರ ಬಟ್ಟೆ ಬಿಚ್ಚಿ, ಮೈಯನ್ನು ಸೋಪು ನೀರಿನಿಂದ ತೊಳೆದು ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು. ಕೀಟನಾಶಕದ ಡಬ್ಬಿಯನ್ನೂ ಜೊತೆಗೆ ಕೊಂಡೊಯ್ಯಿರಿ. ಯಾವ ಗುಂಪಿನ ವಿಷ ಎಂದು ತಿಳಿದರೆ ಯಾವ ಮದ್ದು ಎಂಬುದನ್ನು ವೈದ್ಯರು ಬೇಗ ನಿರ್ಧರಿಸುತ್ತಾರೆ.